ಸಾಹೇಬರು ಕೇಳಿದ ವೀಳ್ಯ

ಮಕ್ಕಳೇ, ಇದನ್ನು ನಿಮಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ನೀವು ಮಧ್ಯದಲ್ಲಿ ಇಂಗ್ಲಿಷಿನಲ್ಲಿ ಏನಾದರೂ ಕೇಳಿದ ಕೂಡಲೇ ನನ್ನ ಮಾತು ಒಳಗೇ ಉಳಿದುಬಿಡುತ್ತದೆ. ಬರೆಯುವಾಗ ಆ ತೊಂದರೆ ಇಲ್ಲ. ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಮನೆಯಲ್ಲಿ ಆಡುತ್ತಿದ್ದದ್ದು ತುಳು, ಬರೆಯಲು ಕಲಿತದ್ದು ಕನ್ನಡ. ನಿಮ್ಮಲ್ಲಿ ದೊಡ್ಡವಳಿಗೆ ಮಾತ್ರ ಇದನ್ನು ಓದಲು ಬರುತ್ತದೆ. ಉಳಿದಿಬ್ಬರಿಗೆ ಅವಳೇ ಓದಿ ಹೇಳಲಿ. ನಾನು ಬರೆಯಲು ಕೂರುವ ಹಾಗೆ ಮಾಡಿದವಳೂ ಅವಳೇ.

ಮೊನ್ನೆ ಅವಳ ಶಾಲೆಯಲ್ಲಿ ಚರ್ಚಾಸ್ಪರ್ಧೆ ಇತ್ತಲ್ಲ. ಬ್ರಿಟಿಷರು ಈ ಗಲ್ಫ್ ಕಡೆಯಿಂದ ಸೈನ್ಯ, ಹಡಗು ಎಲ್ಲ ಕಟ್ಟಿಕೊಂಡು ಹೋದದ್ದು ಸರಿಯೋ ತಪ್ಪೋ ಎಂಬುದು ವಿಷಯ. ಚೀಟಿ ಎತ್ತಿದಾಗ ಇವಳ ಪಾಲಿಗೆ ಬ್ರಿಟಿಷರ ಪಕ್ಷ ಬಂದಿತ್ತು. ನಾನು ಅಡುಗೆಕೋಣೆಯಲ್ಲಿ ತೊಂಡೆಕಾಯಿ ಹೆಚ್ಚುತ್ತಿದ್ದೆ. ಇವಳು ಫ್ರಿಜ್ಜಿಗೆ ಒರಗಿ ನಿಂತು ಭಾಷಣದ ಅಭ್ಯಾಸ ಮಾಡುತ್ತಿದ್ದಳು.

"ಇಂಗ್ಲಿಷಲ್ಲಿ ಹೇಳಿದ್ರೆ ನನಗೆಂತ ಗೊತ್ತಾಗ್ತದೆ? ಕನ್ನಡದಲ್ಲಿ ಹೇಳು ಮಾರಾಯ್ತಿ," ಎಂದೆ.

"ಅಜ್ಜಿ, ಕನ್ನಡದಲ್ಲಿ ಹೇಳಿದ್ರೆ ನಂಗೇ ಗೊತ್ತಾಗುದಿಲ್ಲ," ಎಂದು ನಕ್ಕಳು. ಆದರೂ ಹೇಳಿದಳು.

ನನಗೆ ಅರ್ಥವಾದದ್ದು ಇಷ್ಟು. ಬ್ರಿಟಿಷರ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲ ಅದು. ನಮ್ಮ ದೇಶವನ್ನು ಬಿಟ್ಟು ಹೋಗಿ ಆಗಿತ್ತು. ಆದರೂ ಈ ಸಮುದ್ರದ ಸುತ್ತ ಅವರ ಹಡಗುಗಳು ನಿಂತೇ ಇದ್ದವು. ಕಾರಣ ಎಣ್ಣೆ. ಬೇರೆ ಕಡೆಯಿಂದ ಎಣ್ಣೆ ಕೊಳ್ಳಲು ಅವರಿಗೆ ಡಾಲರ್ ಬೇಕಾಗುತ್ತಿತ್ತು. ಈ ಕಡೆಯ ಎಣ್ಣೆ ಅವರ ಪೌಂಡಿಗೇ ಸಿಗುತ್ತಿತ್ತು. ಎಣ್ಣೆಯಿಂದ ಶೇಖ್‌ಗಳಿಗೆ ಬಂದ ಹಣವೂ ಪೌಂಡಾಗಿಯೇ ಲಂಡನ್ನಿನ ಬ್ಯಾಂಕುಗಳಲ್ಲಿ ಉಳಿಯುತ್ತಿತ್ತು. ಎಣ್ಣೆ ಇದ್ದದ್ದರಿಂದ ಪೌಂಡು ನಿಂತಿತ್ತು, ಪೌಂಡು ನಿಂತದ್ದರಿಂದ ಹಡಗು ನಿಂತಿತ್ತು. ಆಮೇಲೆ ಅವರ ದೇಶದಲ್ಲೇ ಸಾಲ ಏರಿ ಪೌಂಡು ಬಿತ್ತು. ಹಡಗಿನ ಖರ್ಚು ಹೊರಲು ಆಗಲಿಲ್ಲ.

"ಹೋಗ್ತೇವೆ ಅಂತ ಇವರಿಗೆ ಮೊದ್ಲೇ ಹೇಳಿದ್ರಾ?" ಎಂದು ಕೇಳಿದೆ.

"ಇಲ್ಲಜ್ಜಿ, ಉಲ್ಟಾ! ಒಬ್ಬ ಮಿನಿಸ್ಟರನ್ನು ಕಳಿಸಿ, ನಾವು ಎಲ್ಲಿಗೂ ಹೋಗುದಿಲ್ಲ ಅಂತ ಎಲ್ಲ ಶೇಖ್‌ಗಳಿಗೆ ಪ್ರಾಮಿಸ್ ಮಾಡಿಸಿದ್ರು. ಸ್ವಲ್ಪ ವಾರ ಆದ್ಮೇಲೆ ಅವನೇ ವಾಪಸ್ ಬಂದು, ಸಾರಿ, ಹೋಗ್ತೇವೆ ಅಂದ."

"ಅದೇ ಮನುಷ್ಯನನ್ನೇ ಕಳಿಸಿದ್ದಾ?"

"ಹಾಂ, ಸೇಮ್ ಮ್ಯಾನ್. ಅವನಿಗೂ ಮೊದ್ಲು ಗೊತ್ತಿರ್ಲಿಲ್ಲ ಅಂತ ಕಾಣ್ತದೆ, ಪಾಪ."

"ಈ ಒಮಾನಿಗೂ ಬಂದಿದ್ನಾ ಅವ?"

"ಒಮಾನ್ ಬೇರೆ ಅಜ್ಜಿ. ಅವ ಹೋದದ್ದು ಪಕ್ಕದವ್ರ ಹತ್ರ. ಎಂತ, ಬೆರಳು ಕೊಯ್ದುಕೊಂಡ್ಯಾ?"

ಇಲ್ಲ ಎಂದೆ. ಕತ್ತಿ ನಿಂತದ್ದು ಬೇರೆ ಕಾರಣಕ್ಕೆ. ನಿಮ್ಮ ಅಜ್ಜನನ್ನೂ ಹಾಗೆಯೇ ಎರಡು ಸಲ ಕಳಿಸಿದ್ದರು.

ಆಗ ನಾವು ಇಲ್ಲೇ ಒಮಾನಿನಲ್ಲಿ, ಹಮ್ರಿಯಾದ ಫ್ಲ್ಯಾಟಿನಲ್ಲಿದ್ದೆವು. ನಿಮ್ಮಲ್ಲಿ ಚಿಕ್ಕವರಿಬ್ಬರು ಇನ್ನೂ ಹುಟ್ಟಿರಲಿಲ್ಲ. ಅಜ್ಜ ಕೆಲಸ ಮಾಡುತ್ತಿದ್ದದ್ದು ಎಣ್ಣೆಬಾವಿಗಳಿಗೆ ಪೈಪು, ಯಂತ್ರ ಸಿದ್ಧ ಮಾಡಿಕೊಡುವ ಒಂದು ಕಂಪೆನಿಯಲ್ಲಿ. ಅದರ ದೊಡ್ಡ ಆಫೀಸು ಇಂಗ್ಲೆಂಡಿನಲ್ಲಿ, ಇಲ್ಲಿ ಊರ ಹೊರಗೆ ಒಂದು ಯಾರ್ಡು. ಕೆಲಸಗಾರರ ವೀಸಾ, ರಜೆ, ಕ್ಯಾಂಪಿನ ಊಟ, ವಸತಿ ಎಲ್ಲ ಅಜ್ಜನ ಕೈಯಲ್ಲಿತ್ತು. ಯಾರ್ಡಿನಲ್ಲಿ ಅರ್ಧಕ್ಕರ್ಧ ನಮ್ಮ ಕರಾವಳಿಯವರು. ಕೆಲವರನ್ನು ಅಜ್ಜನೇ ಊರಿನಿಂದ ಕರೆಸಿಕೊಂಡಿದ್ದರು. ಅವರೆಲ್ಲ ಅಜ್ಜನಿಗೆ ಅಣ್ಣ ಎನ್ನುತ್ತಿದ್ದರು, ನನಗೆ ಅಕ್ಕ.

ಕಂಪೆನಿಯ ಮ್ಯಾನೇಜರು ಇಂಗ್ಲೆಂಡಿನವರು. ಅಜ್ಜ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಒಳ್ಳೆಯ ಮನುಷ್ಯರೆಂದೇ ನನಗೆ ಅನಿಸಿತ್ತು. ಒಂದು ಚೌತಿಗೆ ಹೆಂಡತಿಯೊಡನೆ ನಮ್ಮ ಮನೆಗೆ ಊಟಕ್ಕೆ ಬಂದರು. ಹಲಸಿನ ಎಲೆ ಇಲ್ಲದೆ ಸ್ಟೀಲಿನ ಲೋಟದಲ್ಲೇ ಬೇಯಿಸಿದ ಕಡುಬನ್ನು ಕೈಯಲ್ಲೇ ಮುರಿದು ತಿಂದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ, ಬಡಿಸುವಾಗ ಮಾತ್ರ ಹೊರಗೆ ಬಂದೆ. ಅವರ ಹೆಂಡತಿ ನನ್ನ ಸೀರೆಯ ಸೆರಗು ಮುಟ್ಟಿ ಏನೋ ಚೆಂದ ಎಂದರು. ನಾನು ನಕ್ಕೆ, ಅಷ್ಟೇ.

ಊಟವಾದ ಮೇಲೆ ವೀಳ್ಯದ ತಟ್ಟೆ ತಂದಿಟ್ಟೆ. ಪೂಜೆಗೆಂದು ವಿಮಾನದಲ್ಲಿ ಬರುವ ಎಲೆ ನಮ್ಮ ಬೀದಿಯ ಅಂಗಡಿಯಲ್ಲೇ ಸಿಗುತ್ತಿತ್ತು. ಸಾಹೇಬರು ಒಂದು ಎಲೆ ಎತ್ತಿ ಹಿಂದೆ ಮುಂದೆ ತಿರುಗಿಸಿ, ಇದು ಏನು ಎಂದು ಕೇಳಿದರು. ಅಜ್ಜನಿಗೆ ಅಂಥ ಪ್ರಶ್ನೆ ಬಂದರೆ ಸಂಭ್ರಮ. ನಮ್ಮಲ್ಲಿ ಯಕ್ಷಗಾನದ ಮೇಳಕ್ಕೆ ಆಟ ಒಪ್ಪಿಸುವಾಗ ವೀಳ್ಯ ಕೊಡುತ್ತೇವೆ, ಮದುವೆ ಗೊತ್ತು ಮಾಡುವಾಗ ವೀಳ್ಯ ಬದಲಿಸುತ್ತೇವೆ, ಒಬ್ಬನ ಕೈಯಿಂದ ತೆಗೆದುಕೊಂಡು ಬಾಯಿಗೆ ಹಾಕಿದ ಮೇಲೆ ಇಬ್ಬರೂ ಮಾತಿಗೆ ತಪ್ಪುವ ಹಾಗಿಲ್ಲ ಎಂದೆಲ್ಲ ವಿವರಿಸಿದರು. ಸಾಹೇಬರು ನಕ್ಕು ಏನೋ ಹೇಳಿದರು. ಅವರು ಹೋದ ಮೇಲೆ ಅಜ್ಜ ನನಗೆ ತುಳುವಿನಲ್ಲಿ ತಿಳಿಸಿದರು: "ಹಾಗಾದರೆ ನಮ್ಮ ವಕೀಲರಿಗೆಲ್ಲ ಕೆಲಸ ಹೋಯಿತು ಎಂದರು." ನಾವಿಬ್ಬರೂ ಪಾತ್ರೆ ತೊಳೆಯುತ್ತಾ ಅದನ್ನೇ ಹೇಳಿಕೊಂಡು ನಕ್ಕೆವು. ನಮ್ಮ ಮನೆಯ ಒಂದು ಕ್ರಮವನ್ನು ಅಷ್ಟು ದೊಡ್ಡವರು ಕೂತು ಕೇಳಿದರಲ್ಲ ಎಂದು ನನಗೆ ಹೆಮ್ಮೆಯೂ ಆಗಿತ್ತು.

ಆಮೇಲೆ ಎಣ್ಣೆಯ ಬೆಲೆ ಬಿತ್ತು. ಪಕ್ಕದ ರೂವಿ ಪೇಟೆಯ ಅಂಗಡಿಗಳಲ್ಲಿ ಜನ ಕಡಿಮೆಯಾದರು. ಕೆಳಗಿನ ಮಹಡಿಯವರು ಸಾಮಾನು ಮಾರಿ ಊರಿಗೆ ಹೋದರು. ಒಂದು ದಿನ ಊಟಕ್ಕೆ ಕೂತಾಗ ನಾನು ಧೈರ್ಯ ಮಾಡಿ ಕೇಳಿದೆ.

"ನಿಮ್ಮ ಕಂಪೆನಿಗೂ ತೊಂದರೆ ಉಂಟಾ?"

"ಉಂಟು. ಎಣ್ಣೆ ಒಂದೇ ಅಲ್ಲ, ಅವರ ಪೌಂಡೂ ಜಾರಿದೆ," ಎಂದರು. "ನಮ್ಮ ರಿಯಾಲನ್ನು ಡಾಲರಿಗೆ ಕಟ್ಟಿ ಹಾಕಿದ್ದಾರೆ, ಅದು ಅಲ್ಲಾಡುದಿಲ್ಲ. ಇಲ್ಲಿ ಕೆಲಸ ಇಲ್ಲದೆ ಕೂತವನಿಗೆ ಕೊಡುವ ಸಂಬಳ ಅದೇ. ಆದ್ರೆ ಲಂಡನ್ನಿನವರು ಅದನ್ನು ಪೌಂಡಲ್ಲಿ ನೋಡುವಾಗ ಜಾಸ್ತಿ ಕಾಣ್ತದೆ."

"ಹಾಗಾದ್ರೆ ನಾವೆಂತ ಮಾಡುದು?"

"ಸಾಹೇಬರು ಇದ್ದಾರಲ್ಲ," ಎಂದು ಸಾರು ಸುರಿದುಕೊಂಡರು.

ಆ ಚಳಿಗಾಲದಲ್ಲೇ ಒಂದು ಬೆಳಿಗ್ಗೆ ಕಂಪೆನಿಯ ಪಿಕಪ್ಪಿನಲ್ಲಿ ಹೂವಿನ ಕುಂಡಗಳು ಬಂದವು. ಸಾಹೇಬರ ಹೆಂಡತಿ ನನಗೆಂದು ಕಳಿಸಿದ್ದರು. ಕಾಗದದ ಹೂ, ದಾಸವಾಳ, ನಿಂಬೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲೂ ಜಾಗ ಉಳಿಯಲಿಲ್ಲ. ಅವರ ಮನೆಯಲ್ಲಿ ಗಿಡ ಹೆಚ್ಚಾಗಿದೆಯಂತೆ ಎಂದು ಅಜ್ಜ ಹೇಳಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ದಿನವೇ ಚಕ್ಕುಲಿ ಮಾಡಿ ಅವರಿಗೆ ಕಳಿಸಿಕೊಟ್ಟೆ.

ಆ ವಾರ ಕಳೆಯುವುದರೊಳಗೆ ಅಜ್ಜ ಆಫೀಸಿನಿಂದ ಬೇಗ ಬಂದರು. ಮುಖ ಅರಳಿತ್ತು.

"ಶುಕ್ರವಾರಕ್ಕೆ ಎಲೆ ಅಡಿಕೆ ತಯಾರು ಮಾಡ್ಬೇಕು. ಇಡೀ ಕ್ಯಾಂಪಿಗೆ."

"ಎಂತಕ್ಕೆ? ಯಾರದ್ದು ಮದುವೆ?"

"ಮದುವೆ ಅಲ್ಲ ಮಾರಾಯ್ತಿ. ಯಾರನ್ನೂ ತೆಗೆಯುದಿಲ್ಲಂತೆ. ಎರಡು ವರ್ಷ ಎಲ್ಲರೂ ಇರ್ತಾರಂತೆ. ಹೋಗಿ ಹೇಳಿ ಬಾ ಅಂದ್ರು ಸಾಹೇಬರು. ಹುಡುಗರು ಹೆದರಿದ್ದಾರಲ್ಲ, ಬೇರೆ ಕಡೆ ಕೆಲಸ ಹುಡುಕ್ತಾ ಇದ್ದಾರೆ."

"ಹೇಳುದಾದ್ರೆ ಬಾಯಲ್ಲಿ ಹೇಳಿದ್ರಾಯ್ತಲ್ಲ. ಎಲೆ ಯಾಕೆ?"

"ಅದು ಅವರೇ ಹೇಳಿದ್ದು! ನಿನ್ನ ಹೆಂಡತಿಯ ಆ ಎಲೆ ತೆಗೆದುಕೊಂಡು ಹೋಗು, ಆಗ ಅವರು ನಂಬ್ತಾರೆ ಅಂದ್ರು. ನೋಡು, ನೆನಪಿಟ್ಟಿದ್ದಾರೆ."

ನೆನಪಿಟ್ಟಿದ್ದರು. ಹೌದು. ಆಗ ನಮ್ಮಿಬ್ಬರಿಗೂ ಅದು ದೊಡ್ಡ ಮರ್ಯಾದೆಯಾಗಿ ಕಂಡಿತು. ಅಜ್ಜ ಅವರನ್ನು ನೇರವಾಗಿಯೇ ಕೇಳಿದ್ದರಂತೆ, ಸರ್, ಇದು ನಿಶ್ಚಯವೇ ಎಂದು. ಸಾಹೇಬರು ಹೆಗಲ ಮೇಲೆ ಕೈಯಿಟ್ಟು, ನಿಶ್ಚಯವಿಲ್ಲದಿದ್ದರೆ ನಿನ್ನನ್ನು ಕಳಿಸುತ್ತಿದ್ದೆನೇ ಎಂದರಂತೆ.

ಶುಕ್ರವಾರ ಬೆಳಿಗ್ಗೆ ಎಲೆ ಒರೆಸಿ, ತೊಟ್ಟು ಮುರಿದು, ಅಡಿಕೆ ಹೋಳು ಇಟ್ಟು ಜೋಡಿಸಿದೆ. ಕ್ಯಾಂಪಿನಲ್ಲಿ ಉಗುಳುವ ಹಾಗಿಲ್ಲ ಎಂದು ಸುಣ್ಣ, ಹೊಗೆಸೊಪ್ಪು ಇಡಲಿಲ್ಲ. ಹರಿವಾಣ ಓರೆಯಾಗದ ಹಾಗೆ ಕಾರಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ನಾನೂ ಹೋದೆ. ಅಲ್ಲಿ ಒಳಗೆ ಹೋಗಲು ನಾಚಿಕೆಯಾಯಿತು, ಅಷ್ಟು ಗಂಡಸರು. ಕಾರಿನಲ್ಲೇ ಕೂತು ಮೆಸ್ಸಿನ ಕಿಟಕಿಯಿಂದ ನೋಡಿದೆ. ಅಜ್ಜ ಮೊದಲು ಹಿಂದಿಯಲ್ಲಿ, ಆಮೇಲೆ ತುಳುವಿನಲ್ಲಿ ಹೇಳಿದರು. ಉತ್ತರದ ಕಡೆಯ ಹುಡುಗರು ಚಪ್ಪಾಳೆ ತಟ್ಟಿದರು. ನಮ್ಮ ಕಡೆಯವರು ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಬಂದು, ಎರಡೂ ಕೈ ಒಡ್ಡಿ, ಅಜ್ಜನ ಕೈಯಿಂದ ವೀಳ್ಯ ತೆಗೆದುಕೊಂಡರು. ಅವರಿಗೆ ಅದು ಕಂಪೆನಿಯ ಮಾತಾಗಿ ಉಳಿಯಲಿಲ್ಲ, ಅಣ್ಣನ ಮಾತಾಯಿತು. ಸಾಹೇಬರಿಗೆ ಬೇಕಾಗಿದ್ದದ್ದೂ ಅದೇ ಇರಬೇಕು.

ಅವರಲ್ಲಿ ಒಬ್ಬ ವೆಲ್ಡರ್ ಇದ್ದ. ನಮ್ಮ ಊರಿನ ಪಕ್ಕದವನು, ನಾನು ಅವನನ್ನು ತಮ್ಮ ಎಂದೇ ಕರೆಯುತ್ತಿದ್ದೆ. ಕೆನ್ನೆಯೊಳಗೆ ವೀಳ್ಯ ಒತ್ತಿಕೊಂಡೇ ಕಾರಿನ ಹತ್ತಿರ ಬಂದ.

"ಅಕ್ಕ, ಇನ್ನು ಬಚಾವು. ಸೊಹಾರ್‌ನಲ್ಲಿ ಒಂದು ಕೆಲಸ ಒಪ್ಪಿದ್ರು, ಮನೆಯೂ ಕೊಡ್ತೇವೆ ಅಂದಿದ್ರು. ಈಗಲೇ ಫೋನ್ ಮಾಡಿ ಬೇಡ ಅಂದೆ."

"ಒಳ್ಳೆ ಕೆಲಸ ಆಗಿದ್ರೆ ಹೋಗ್ಬಹುದಿತ್ತಲ್ಲ ತಮ್ಮ?"

"ಎಂತಕ್ಕೆ? ಅಣ್ಣ ವೀಳ್ಯ ಕೊಟ್ಟ ಮೇಲೆ ಇನ್ನೆಂತ? ಹೆಂಡತಿ ಮಗಳನ್ನು ಇಲ್ಲಿಗೇ ಕರ್ಕೊಂಡು ಬರ್ತೇನೆ. ನಿಮ್ಮ ಮನೆ ಹತ್ರ ಒಂದು ರೂಮ್ ನೋಡಿಡಿ."

ನಾನು ನೋಡಿಯೂ ಇಟ್ಟೆ. ನಮ್ಮ ಹಿಂದಿನ ಕಟ್ಟಡದಲ್ಲಿ, ಬಿಸಿಲು ಬೀಳುವ ಕಡೆ.

ಯಾರೂ ಬಿಟ್ಟು ಹೋಗಲಿಲ್ಲ. ಯಾರ್ಡಿನಲ್ಲಿ ಅರ್ಧವಾಗಿದ್ದ ಒಂದು ದೊಡ್ಡ ಕೆಲಸ ಇತ್ತಂತೆ. ಆಳುಗಳು ಮಧ್ಯದಲ್ಲಿ ಹೋಗಿದ್ದರೆ ಅದು ನಿಂತುಬಿಡುತ್ತಿತ್ತು. ರಜೆಯ ದಿನವೂ ದುಡಿದು ಎಲ್ಲರೂ ಅದನ್ನು ಮುಗಿಸಿಕೊಟ್ಟರು. ಕೊನೆಯ ಟ್ರೇಲರು ಗೇಟು ದಾಟಿದ ಮರುದಿನ ಸಾಹೇಬರು ಅಜ್ಜನನ್ನು ಕರೆದರು. ಯಾರ್ಡು ಮುಚ್ಚುತ್ತದೆ, ಹೋಗಿ ಹೇಳಿ ಬಾ ಎಂದರು. ಯಾಕೆ ನಾನೇ ಎಂದು ಅಜ್ಜ ಕೇಳಿದರಂತೆ. ನೀನು ಹೇಳಿದರೆ ಗಲಾಟೆ ಆಗುವುದಿಲ್ಲ ಎಂದರಂತೆ.

ಮನೆಗೆ ಬಂದು ಅಜ್ಜ ಅಂಗಿ ತೆಗೆಯದೆ ಮಂಚದ ಮೇಲೆ ಕೂತರು. "ನಾನು ಹೋಗುದಿಲ್ಲ ಅಂತ ಹೇಳಿ ಬಂದಿದ್ದೆ," ಎಂದರು. ಮತ್ತೆ ತಾವೇ, "ಆದ್ರೆ ವೀಳ್ಯ ಕೊಟ್ಟದ್ದು ನಾನಲ್ವಾ? ಬೇರೆ ಯಾರೋ ಹೋಗಿ ಹೇಳಿದ್ರೆ ಅದು ಇನ್ನೂ ಹೇಡಿತನ," ಎಂದರು. ಎದ್ದು ಚಪ್ಪಲಿ ಹಾಕಿಕೊಂಡರು.

ಆ ಸಲ ನಾನು ಕಾರಿನಲ್ಲಿ ಕೂರಲಿಲ್ಲ. ಅವರ ಹಿಂದೆಯೇ ಹೋಗಿ ಮೆಸ್ಸಿನ ಬಾಗಿಲಲ್ಲಿ ನಿಂತೆ. ಅಜ್ಜ ಹಿಂದಿಯಲ್ಲಿ ಹೇಳಿ ಮುಗಿಸಿದರು. ಆಮೇಲೆ ನಮ್ಮ ಕಡೆಯವರತ್ತ ತಿರುಗಿ, "ಖಲಾಸ್," ಎಂದರು. ಮುಗಿಯಿತು ಎಂಬುದಕ್ಕೆ ಇಲ್ಲಿ ಎಲ್ಲರಿಗೂ ಗೊತ್ತಿರುವ ಅರಬಿ ಮಾತು ಅದು. ಗಲಾಟೆ ಆಗಲಿಲ್ಲ, ಸಾಹೇಬರು ಹೇಳಿದ್ದು ಸರಿಯೇ.

ವೆಲ್ಡರ್ ತಮ್ಮ ಬೆಂಚಿನಿಂದ ಎದ್ದ. "ನಿಮಗೆ ಮೊದ್ಲೇ ಗೊತ್ತಿತ್ತಾ ಅಣ್ಣ?"

"ದೇವರಾಣೆ ಇಲ್ಲ."

"ಆಣೆ ಬೇಡ. ಆಣೆಗಿಂತ ದೊಡ್ಡದು ಕೊಟ್ಟಾಗಿದೆ ನೀವು." ಅವನು ಜೋರಾಗಿ ಮಾತಾಡಲಿಲ್ಲ. "ಕಾಗದ ಕೊಟ್ಟಿದ್ರೆ ಹಿಂದೆ ಕೊಡ್ತಿದ್ದೆ. ಜಗಿದು ನುಂಗಿದ್ದನ್ನು ಎಲ್ಲಿಂದ ತೆಗೆದು ಕೊಡ್ಲಿ?"

ಅವನು ನಮ್ಮಿಬ್ಬರ ಮಧ್ಯದಿಂದಲೇ ಹೊರಗೆ ಹೋದ. ಸೊಹಾರ್‌ನ ಕೆಲಸ ಅಷ್ಟು ಹೊತ್ತಿಗೆ ಬೇರೆಯವರ ಪಾಲಾಗಿತ್ತು. ನಾನು ನೋಡಿಟ್ಟ ರೂಮಿಗೂ ಬೇರೆ ಯಾರೋ ಬಂದರು. ಅವನು ಊರಿಗೆ ಹೋದ ದಿನ ನಮಗೆ ಹೇಳಲೂ ಇಲ್ಲ.

ಇಷ್ಟಾದರೂ ಅಜ್ಜನಿಗೆ ಸಾಹೇಬರ ಮೇಲೆ ಒಂದು ನಂಬಿಕೆ ಉಳಿದಿತ್ತು. ಲಂಡನ್ನಿನವರು ಅವರಿಗೂ ಸುಳ್ಳು ಹೇಳಿರಬೇಕು, ಅವರೂ ನನ್ನ ಹಾಗೆಯೇ ಮೋಸಹೋಗಿರಬೇಕು ಎನ್ನುತ್ತಿದ್ದರು. ನಾನೂ ಹಾಗೇ ನಂಬಿಕೊಂಡಿದ್ದೆ. ದೇಶ ಬಿಡುವ ಮುಂಚೆ ಸಾಹೇಬರು ಹೆಂಡತಿಯೊಡನೆ ಹೇಳಿ ಹೋಗಲು ಬಂದರು. ನಾನು ಕಾಫಿ ಮಾಡಿದೆ. ಕ್ರಮ ಬಿಡಬಾರದೆಂದು ವೀಳ್ಯದ ತಟ್ಟೆಯನ್ನೂ ಅಡುಗೆಕೋಣೆಯಲ್ಲಿ ಜೋಡಿಸಿಟ್ಟೆ.

ಅವರ ಹೆಂಡತಿ ಬಾಲ್ಕನಿಗೆ ಹೋಗಿ ಗಿಡ ನೋಡಿದರು. ಕಾಗದದ ಹೂ ಕಂಬಿಯ ತುಂಬ ಬಿಟ್ಟಿತ್ತು. ಅವರಿಗೆ ನಿಜವಾಗಿ ಸಂತೋಷವಾಯಿತು. ಒಳಗೆ ಬಂದು ಅಜ್ಜನಿಗೆ ಏನೋ ಹೇಳಿದರು. ಅಜ್ಜ ಕಾಫಿ ಲೋಟ ಕೆಳಗಿಟ್ಟರು. ಸಾಹೇಬರು ಹೆಂಡತಿಯ ಮುಖ ನೋಡಿದರು. ಏನೆಂದರು ಎಂದು ನಾನು ತುಳುವಿನಲ್ಲಿ ಕೇಳಿದೆ. ಅಜ್ಜ ನನ್ನ ಕಡೆ ನೋಡದೆ ಹೇಳಿದರು: "ಬಿಸಿಲು ಏರುವ ಮೊದಲೇ ಕೊಟ್ಟದ್ದು ಒಳ್ಳೆಯದಾಯಿತಂತೆ. ಹೊರಡುವುದು ಆಗಲೇ ಗೊತ್ತಿತ್ತಲ್ಲ, ಗಿಡಕ್ಕೆ ಬೇರು ಬಿಡಲು ಸಮಯ ಸಿಗಲಿ ಎಂದು ಬೇಗ ಕಳಿಸಿದರಂತೆ."

ಆ ಹೆಂಗಸಿಗೆ ಏನೂ ತಿಳಿದಿರಲಿಲ್ಲ. ಗಿಡದ ಮಾತಾಡಿದಳು, ಅಷ್ಟೇ. ಕುಂಡಗಳು ನಮ್ಮ ಮನೆಗೆ ಬಂದದ್ದು ಮೊದಲು, ವೀಳ್ಯ ಕ್ಯಾಂಪಿಗೆ ಹೋದದ್ದು ಆಮೇಲೆ. ಅಜ್ಜನ ಹೆಗಲ ಮೇಲೆ ಕೈಯಿಟ್ಟ ದಿನ ಆ ಮನುಷ್ಯನ ಮನೆಯಲ್ಲಿ ಗಿಡಗಳೂ ಖಾಲಿಯಾಗಿದ್ದವು.

ಸಾಹೇಬರು ಎದ್ದರು. ಬಾಗಿಲ ಹತ್ತಿರ ನಿಂತು, ಹಗುರ ಮಾಡಲೆಂದೋ ಏನೋ, ನನ್ನ ಕಡೆ ತಿರುಗಿ, ಇವತ್ತು ಎಲೆ ಇಲ್ಲವೇ ಎಂದು ಕೈಸನ್ನೆ ಮಾಡಿ ಕೇಳಿದರು. ತಟ್ಟೆ ಒಳಗೆ ಇತ್ತು. ಅವರೊಡನೆ ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ಖಲಾಸ್," ಎಂದೆ.

ಅಜ್ಜ ನನ್ನನ್ನು ತಡೆಯಲಿಲ್ಲ. ಆ ದಿನದಿಂದ ಅವರು ವೀಳ್ಯ ಬಾಯಿಗೆ ಹಾಕಲಿಲ್ಲ. ದೇವರ ಮುಂದೆ ಇಡುತ್ತಿದ್ದೆವು, ನೆಂಟರ ಮುಂದೆ ಇಡಲು ಬಿಡುತ್ತಿರಲಿಲ್ಲ. ಆಮೇಲೆ ಬೇರೆ ಕಂಪೆನಿಯಲ್ಲಿ ಕೆಲಸ ಮಾಡಿದರು. ಅಲ್ಲಿ ಯಾರಾದರೂ ಹುಡುಗ, ಅಣ್ಣ, ನಮ್ಮ ಕೆಲಸ ಇರ್ತದಾ ಎಂದು ಕೇಳಿದರೆ, "ನನಗೆ ಗೊತ್ತಿಲ್ಲ, ಮೇಲಿನವರನ್ನು ಕೇಳು," ಎನ್ನುತ್ತಿದ್ದರು. ಎಲ್ಲರ ಹತ್ತಿರ ಕೂತು ಹರಟುತ್ತಿದ್ದ ಮನುಷ್ಯ ಹಾಗಾದರು. ನಿಮಗೆ ನೆನಪಿರುವ ಅಜ್ಜ ಮಾತು ಕಡಿಮೆಯ ಅಜ್ಜ. ಮೊದಲು ಅವರು ಹಾಗಿರಲಿಲ್ಲ.

ಭಾಷಣ ಹೇಳಿ ಮುಗಿಸಿ ದೊಡ್ಡವಳು ನನ್ನನ್ನು ಕೇಳಿದ್ದಳು, "ದುಡ್ಡೇ ಇಲ್ಲದಿದ್ರೆ ಅವ್ರೆಂತ ಮಾಡ್ಬೇಕಿತ್ತು ಅಜ್ಜಿ?" ಅದಕ್ಕೆ ಉತ್ತರ ಈಗ ಬರೆಯುತ್ತೇನೆ. ದುಡ್ಡಿಲ್ಲದವರು ಹೋಗುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ನಾವೂ ಬೇಕಾದರೆ ಇಲ್ಲಿಂದ ಹೋಗುವವರೇ. ಆದರೆ ಆ ಶೇಖ್‌ಗಳು ಹೆದರಿ ಪೌಂಡು ಕೈಬಿಟ್ಟಾರು, ನಮ್ಮ ಹುಡುಗರು ಹೆದರಿ ಯಾರ್ಡು ಬಿಟ್ಟಾರು ಎಂಬ ಲೆಕ್ಕದಲ್ಲಿ ಒಬ್ಬನ ಬಾಯಿಂದ ಇರುತ್ತೇವೆ ಎನ್ನಿಸುವುದಿದೆಯಲ್ಲ, ಅದನ್ನು ನಿನ್ನ ಭಾಷಣದಲ್ಲಿ ಯಾವ ಜಾಗದಲ್ಲಿ ಇಡುತ್ತೀ? ಆ ಮಂತ್ರಿಗೆ ನಿಜವಾಗಿ ಏನು ಗೊತ್ತಿತ್ತೋ ನನಗೆ ತಿಳಿಯದು. ಅವನ ಹೆಂಡತಿ ಮನೆಗೆ ಮರಳಿದ ಗಂಡನನ್ನು ನೋಡಿ ಏನಂದುಕೊಂಡಳೋ ಎಂದು ಮಾತ್ರ ಆ ದಿನ ತೊಂಡೆಕಾಯಿ ಹೆಚ್ಚುತ್ತಾ ಯೋಚಿಸಿದೆ. ನೀನು ಬಹುಮಾನ ತಂದೆ, ನನಗೆ ಸಂತೋಷವೇ.

ಇನ್ನೊಂದು ಉಳಿದಿದೆ. ಅಜ್ಜ ತೀರಿಹೋಗಿ, ಊರಿನಲ್ಲಿ ಉತ್ತರಕ್ರಿಯೆ ಮುಗಿಸಿ ನಾವು ಅಲ್ ಹೈಲ್‌ನ ಈ ಮನೆಗೆ ಮರಳಿದ ಮೇಲೆ ಒಂದು ಶುಕ್ರವಾರ ಬಾಗಿಲು ಬಡಿದರು. ವೆಲ್ಡರ್ ತಮ್ಮ. ತಲೆ ನರೆತಿತ್ತು. ಎರಡು ವರ್ಷ ಊರಿನಲ್ಲಿ ಅಲ್ಲಿ ಇಲ್ಲಿ ದುಡಿದು ಮತ್ತೆ ಸೊಹಾರ್‌ಗೆ ಬಂದಿದ್ದನಂತೆ, ಹೆಲ್ಪರಾಗಿ. ಹೆಂಡತಿ ಮಗಳು ಊರಿನಲ್ಲೇ. ಬಸ್ಸಿನಲ್ಲಿ ಬಂದು ವಿಳಾಸ ಕೇಳಿಕೊಂಡು ಹುಡುಕಿದ್ದ.

ಊಟ ಮಾಡಿದ. ಅಜ್ಜನ ಫೋಟೋದ ಎದುರು ಹೋಗಿ ನಿಂತ.

"ಅಣ್ಣ ಒಂದು ಫೋನಾದ್ರೂ ಮಾಡ್ಬಹುದಿತ್ತು," ಎಂದ. "ನಾನೂ ಮಾಡ್ಬಹುದಿತ್ತು."

"ಅವರಿಗೆ ನಾಚಿಕೆ ತಮ್ಮ."

"ನಾಚಿಕೆ ಪಡ್ಬೇಕಾದವ್ರು ವಿಮಾನ ಹತ್ತಿ ಹೋದ್ರಲ್ಲ ಅಕ್ಕ."

ಗಿಡದ ಸಂಗತಿ ಅವನಿಗೆ ಹೇಳಿದೆ. ಅಣ್ಣನಿಗೆ ನಿಜವಾಗಿ ಗೊತ್ತಿರಲಿಲ್ಲ ಎಂದೆ. ಅವನು ಹಮ್ರಿಯಾದಿಂದ ತಂದು ನೆಟ್ಟು ಈಗ ಕಾಂಪೌಂಡಿನ ಮೇಲೆ ಹಬ್ಬಿದ ಆ ಕಾಗದದ ಹೂವನ್ನು ನೋಡಿದ.

ಅವನು ಹೊರಟಾಗ ನಾನು ಒಳಗೆ ಹೋಗಿ ವೀಳ್ಯದ ತಟ್ಟೆ ತಂದೆ. ಅಷ್ಟು ವರ್ಷಗಳ ಮೇಲೆ ಮನೆಗೆ ಬಂದವರ ಮುಂದೆ ಅದನ್ನು ಹಿಡಿದದ್ದು ಅದೇ ಮೊದಲು. ಅವನು ತಟ್ಟೆ ನೋಡಿದ, ನನ್ನ ಮುಖ ನೋಡಿದ. ಒಂದು ಎಲೆ, ಒಂದು ಹೋಳು ಅಡಿಕೆ ತೆಗೆದುಕೊಂಡ. ಎಲೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

"ತಿನ್ನು ತಮ್ಮ, ಇದು ನಾನು ಕೊಟ್ಟದ್ದು," ಎಂದೆ.

"ಇರ್ಲಿ ಅಕ್ಕ. ನಿಮ್ಮ ಮನೆಯದ್ದು ಬೇಡ ಅನ್ಲಿಕ್ಕೆ ಆಗುದಿಲ್ಲ. ಬಾಯಿಗೆ ಹಾಕ್ಲಿಕ್ಕೂ ಆಗುದಿಲ್ಲ," ಎಂದು ಮೆಟ್ಟು ಹಾಕಿಕೊಂಡು ಬಸ್ಸಿನ ಕಡೆ ನಡೆದ.